ಬ್ಲ್ಯಾಂಕ್‌ನಲ್ಲಿ ಗಂಧದ ಎಂಜಲು | ಮೈಸೂರು ಲ್ಯಾಬ್ ವ್ಲಾಗ್

ನಮಸ್ಕಾರ, ಮೇಟಗಳ್ಳಿಯಿಂದ. ಎಸಿ ಹಾಕಿ ಅರ್ಧ ಗಂಟೆ ಆದ್ರೂ ರೂಮು ಬಿಸಿಯಾಗೇ ಇದೆ, ಜಿಸಿ, ಅಂದ್ರೆ ಎಣ್ಣೆಯ ಅಂಶಗಳನ್ನ ಬೇರ್ಪಡಿಸಿ ಅಳೆಯೋ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರ, ರಾತ್ರಿಯಿಡೀ ಓಡಿದೆ.

ಸ್ಕ್ರೀನ್ ನೋಡಿ. ಇದು ಬ್ಲ್ಯಾಂಕ್, ಅಂದ್ರೆ ಎಣ್ಣೆ ಇಲ್ಲದ ರನ್, ಬರೀ ಹೆಕ್ಸೇನ್ ಅನ್ನೋ ದ್ರಾವಕ. ಗೆರೆ ನೆಟ್ಟಗೆ ಮಲಗಿರಬೇಕಿತ್ತು. ಎದ್ದಿರೋ ಈ ಎರಡು ಪೀಕ್ ಆಲ್ಫಾ ಸ್ಯಾಂಟಲಾಲ್, ಬೀಟಾ ಸ್ಯಾಂಟಲಾಲ್, ಗಂಧದೆಣ್ಣೆಯ ಮುಖ್ಯ ಅಂಶಗಳು. ಇದರ ಹಿಂದೆ ಹೋಗಿದ್ದು ಗಂಧದೆಣ್ಣೆ, ಅದರ ಎಂಜಲು ಇದು. ನಾವು ಕ್ಯಾರಿಓವರ್ ಅಂತೀವಿ, ಆದ್ರೆ ಎಂಜಲು ಅನ್ನೋದೇ ಸರಿಯಾದ ಮಾತು.

ಇಷ್ಟಕ್ಕೆ ಯಾಕೆ ಸಂಕಟ ಅಂದ್ರೆ, ಐಎಸ್‌ಒ 3518 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಗಂಧದೆಣ್ಣೆಯಲ್ಲಿ ಆಲ್ಫಾ 41ರಿಂದ 55 ಪರ್ಸೆಂಟ್, ಬೀಟಾ 16ರಿಂದ 24 ಇರಬೇಕು. ಒಳ್ಳೇ ಎಣ್ಣೆಯ ಎಂಜಲು ಕಲಬೆರಕೆ ಎಣ್ಣೆಗೆ ಸೇರಿದ್ರೆ, ಅದರ ಅಂಕಿ ಸುಳ್ಳು ಹೇಳುತ್ತೆ. ಎಣ್ಣೆ ಕಳಿಸಿದವರ ದುಡ್ಡು ಆ ಅಂಕಿ ಮೇಲೆ ನಿಂತಿದೆ.

ಸೂಜಿ ಚುಚ್ಚೋ ರಬ್ಬರ್ ಬಿಲ್ಲೆ ಸೆಪ್ಟಂ, ಸ್ಯಾಂಪಲ್ ಆವಿಯಾಗೋ ಗಾಜಿನ ಕೊಳವೆ ಲೈನರ್, ಅದರ ಓ ರಿಂಗ್ ಬದಲಾಯಿಸ್ತಿರೋದು ಕಾಣ್ತಿದೆಯಲ್ಲ. ಅಂಶಗಳು ಬೇರೆಯಾಗೋ ಉದ್ದ ಕೊಳವೆ, ಅಂದ್ರೆ ಕಾಲಂ, ಬೇಕ್ ಮಾಡಿ ಕಾಯಿಸಿ ಕ್ಲೀನ್ ಮಾಡಿದ್ದನ್ನ ವಿಡಿಯೋದಿಂದ ಕಟ್ ಮಾಡಿದ್ದೀನಿ. ಎಲ್ಲಾ ಆದ್ಮೇಲೂ ಪೀಕ್ ಅಲ್ಲೇ.

ಮೊದಲು ಮಾಡಬೇಕಿದ್ದಿದ್ದು ಇದು: ಏನೂ ಇಂಜೆಕ್ಟ್ ಮಾಡದೆ ಒಂದು ರನ್. ಮಾಡಿದೆ, ಗೆರೆ ಕ್ಲೀನ್. ಅಂದ್ರೆ ಕಾಲಂ ತಪ್ಪಿಲ್ಲ, ಸೂಜಿ ಹೋದಾಗಲೇ ಬರ್ತಿದೆ. ಆಮೇಲೆ ಸಾಲಾಗಿ ಮೂರು ಬ್ಲ್ಯಾಂಕ್ ಹಾಕಿದೆ. ಪೀಕ್ ಒಂದಕ್ಕಿಂತ ಒಂದು ಚಿಕ್ಕದಾಗ್ತಾ ಬಂತು. ಹೆಕ್ಸೇನ್ ಬಾಟಲೇ ಕೆಟ್ಟಿದ್ರೆ ಮೂರೂ ಒಂದೇ ಎತ್ತರ ಇರ್ತಿತ್ತು. ಆವಿ ಉಕ್ಕಿ ಲೈನರ್ ಮೇಲಿನ ಗ್ಯಾಸ್ ಲೈನಿಗೆ ನುಗ್ಗಿರಬಹುದಾ? ಒಂದು ಮೈಕ್ರೋಲೀಟರ್ ಹೆಕ್ಸೇನ್ 250 ಡಿಗ್ರಿ, 10 ಪಿಎಸ್‌ಐ ಒತ್ತಡದಲ್ಲಿ ಸುಮಾರು 200 ಮೈಕ್ರೋಲೀಟರ್ ಆವಿ ಆಗುತ್ತೆ, ಲೈನರ್ ಹೆಚ್ಚುಕಮ್ಮಿ 1000 ಹಿಡಿಯುತ್ತೆ. ನೀರಾಗಿದ್ರೆ 1400, ಖಂಡಿತ ಉಕ್ಕೋದು. ಇಲ್ಲಿ ಆ ಮಾತೇ ಇಲ್ಲ.

ಉಳಿದಿದ್ದು ಸಿರಿಂಜ್. ಹೊಸದು ಹಾಕಿದೆ. ಗಂಧದೆಣ್ಣೆ, ಅದರ ಹಿಂದೆ ಬ್ಲ್ಯಾಂಕ್. ಮತ್ತೆ ಪೀಕ್! ಆಗ ಕುರ್ಚಿ ಎಳ್ಕೊಂಡು, ತಾನೇ ಇಂಜೆಕ್ಟ್ ಮಾಡೋ ಆಟೋಸ್ಯಾಂಪ್ಲರ್ ಮುಂದೆ ಕೂತು, ಸೂಜಿ ವಾಶ್ ವೈಯಲ್‌ಗೆ, ಅಂದ್ರೆ ಅದನ್ನ ತೊಳೆಯೋ ಹೆಕ್ಸೇನ್ ಇರೋ ಸೀಸೆಗೆ ಇಳಿಯೋದನ್ನೇ ನೋಡಿದೆ. ಹತ್ತಿರ ಬನ್ನಿ, ಇಲ್ಲಿ. ಸೂಜಿ ತುದಿ ನಿಂತಿರೋದು ಎಲ್ಲಿ, ದ್ರಾವಕ ಇರೋದು ಎಲ್ಲಿ! ನಡುವೆ ಖಾಲಿ. ಸೂಜಿ ತಳದವರೆಗೆ ಹೋಗಲ್ಲ, ವೈಯಲ್ ಅರ್ಧಕ್ಕೆ ಇಳಿದ್ರೆ ಅದು ಎಳೆಯೋದು ಗಾಳಿ. ಹೆಕ್ಸೇನ್ ಕುದಿಯೋದೇ 69 ಡಿಗ್ರಿಗೆ, ಈ ಸೆಕೆಗೆ ಮುಚ್ಚಳದ ತೂತಲ್ಲೇ ಆರಿಹೋಗಿದೆ. ಸಾಫ್ಟ್‌ವೇರ್ ಮಾತ್ರ ಪ್ರತಿ ಸಲ ತೊಳೆದಾಯ್ತು ಅಂತ ಬರ್ಕೊಂಡಿದೆ. ರಾತ್ರಿಯ 22 ಸ್ಯಾಂಪಲ್‌ನಲ್ಲಿ ಯಾವುದರಿಂದ ತೊಳೆಯೋದು ನಿಂತಿತೋ ಹೇಳೋಕಾಗಲ್ಲ. ನನಗೆ ಹೊಟ್ಟೆ ಉರಿದಿದ್ದು ಅದಕ್ಕೇ.

ವಾಶ್‌ಗೆ ಹೆಕ್ಸೇನ್ ಒಂದೇ ಸಾಕು ಅಂತ ಹಿಂದಿನ ವಿಡಿಯೋದಲ್ಲಿ ಹೇಳಿದ್ದೆ. ವಾಪಸ್ ತಗೊಳ್ತೀನಿ. ಮೊದಲು ಅಸಿಟೋನ್, ಆಮೇಲೆ ಹೆಕ್ಸೇನ್, ಎರಡೂ ದಿನಾ ಹೊಸದು.

ಹಾಗೇ ತೊಳೆದು ಮತ್ತೆ ಬ್ಲ್ಯಾಂಕ್ ಹಾಕಿದ್ದೀನಿ, ರನ್ ಮುಗಿಯೋವರೆಗೆ ಒಂದು ಮಾತು. ಮೈಸೂರಲ್ಲಿ ಗಂಧದೆಣ್ಣೆ ಫ್ಯಾಕ್ಟರಿ ಶುರುವಾಗಿದ್ದು 1916ರಲ್ಲಿ. ಮಹಾಯುದ್ಧ ಬಂದು ಗಂಧದ ಮರ ಯುರೋಪಿಗೆ ಹೋಗೋದು ನಿಂತಿತ್ತು, ನಾಲ್ವಡಿಯವರ ಕಾಲದಲ್ಲಿ ಇಲ್ಲೇ ಎಣ್ಣೆ ತೆಗೆಯೋಕೆ ಹೊರಟರು. ಆಗಿನವರು ಮೂಗಿನಲ್ಲೇ ಎಷ್ಟೊಂದು... ಬಂತು, ಬಂತು! ಬ್ಲ್ಯಾಂಕ್ ನೋಡಿ, ಗೆರೆ ನೆಟ್ಟಗಿದೆ. 22ನ್ನೂ ಮೊದಲಿಂದ ಹಾಕ್ತಿದ್ದೀನಿ. ಕ್ಯಾಮೆರಾ ಬ್ಯಾಟರಿ ಕೆಂಪಾಯ್ತು, ಬರ್ತೀನಿ.