ವಾಗ್ದಾನ ಕಾರ್ಡ್ ಮತ್ತು ಜಾಮೀನು ಸಹಿ

ಎಲ್ಲರಿಗೂ ವಂದನೆಗಳು.

ಡಿಸೆಂಬರ್ 31ರ ರಾತ್ರಿ ನಮ್ಮ ಕ್ರೈಸ್ತ ಸಭೆಗಳಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತು. ಹನ್ನೆರಡು ಗಂಟೆ ಆಗುತ್ತದೆ. ಎಲ್ಲರೂ ಕೈ ಕುಲುಕುತ್ತಾರೆ. ಕೇಕ್ ಬರುತ್ತದೆ. ಆಮೇಲೆ ಒಂದು ತಟ್ಟೆ ಬರುತ್ತದೆ, ಅದರ ತುಂಬ ವಾಗ್ದಾನ ಕಾರ್ಡುಗಳು, ಒಂದೊಂದರಲ್ಲೂ ಸತ್ಯವೇದದ, ಅಂದರೆ ಬೈಬಲ್‌ನ, ಒಂದು ವಚನ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಅದು ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ಪಕ್ಕದವರ ಕಾರ್ಡಿನ ಮೇಲೂ ಒಂದು ಕಣ್ಣು ಇರುತ್ತದೆ, ಇಲ್ಲ ಅನ್ನಬೇಡಿ. ಅವರಿಗೆ ಆಶೀರ್ವಾದದ ವಚನ ಬಂದು ನಮಗೆ ತಾಳ್ಮೆಯ ವಚನ ಬಂದರೆ ಒಳಗೊಳಗೇ ಬೇಜಾರು.

ಕೆಲವು ವರ್ಷಗಳ ಹಿಂದೆ ನನ್ನ ಕೈಗೆ ಬಂದದ್ದು ಯೆಶಾಯ 41:10. ಭಯಪಡಬೇಡ, ನಾನು ನಿನ್ನೊಂದಿಗೆ ಇದ್ದೇನೆ ಅನ್ನುವ ಮಾತು. ಖುಷಿಯಿಂದ ಪರ್ಸಿನಲ್ಲಿ ಇಟ್ಟುಕೊಂಡೆ. ಮಾರ್ಚ್ ತಿಂಗಳಲ್ಲಿ, ನಮ್ಮ ಕ್ವಾಯರ್‌ನಲ್ಲಿ ಹಾಡುವ ಗೆಳೆಯನೊಬ್ಬ ಮನೆಗೆ ಬಂದ. ಸಾಲ ತೆಗೆಯುತ್ತಿದ್ದೇನೆ, ಜಾಮೀನು ಹಾಕು ಅಂದ. ಎಷ್ಟು ಸಾಲ? ತಿಂಗಳ ಕಂತು ಎಷ್ಟು? ಅದು ಅವನ ಸಂಬಳಕ್ಕೆ ಹೊಂದುತ್ತದೆಯಾ? ನಾನು ಒಂದನ್ನೂ ಕೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಪ್ರಾರ್ಥನೆ ಮಾಡಿದೆ, ಪರ್ಸ್ ತೆಗೆದೆ, ಕಾರ್ಡ್ ಕಂಡಿತು. ಭಯಪಡಬೇಡ. ಸರಿ, ಸಹಿ ಹಾಕಿಬಿಟ್ಟೆ.

ಒಂಬತ್ತು ತಿಂಗಳಿಗೆ ನೋಟಿಸ್ ಬಂತು. ಅವನ ಹೆಸರಿಗಲ್ಲ, ನನ್ನ ಹೆಸರಿಗೆ.

ಅವತ್ತು ರಾತ್ರಿ ಮನೆಯಲ್ಲಿ ಏನಾಯಿತು ಅನ್ನುವುದನ್ನು ಬಿಟ್ಟುಬಿಡೋಣ. ಬೆಳಿಗ್ಗೆ ಗದಗದಲ್ಲಿರುವ ಅವ್ವನಿಗೆ ಫೋನ್ ಮಾಡಿದೆ. ಬೈಯುತ್ತಾಳೆ, ಇಲ್ಲ ಅಂದರೆ ಅಳುತ್ತಾಳೆ ಅಂದುಕೊಂಡಿದ್ದೆ. ಎರಡೂ ಇಲ್ಲ. "ಜ್ಞಾನೋಕ್ತಿ ಆರು ತಗಿ. ಪೂರ್ತಿ ಓದು. ಆಮ್ಯಾಲ ಫೋನ್ ಮಾಡು" ಅಂದಳು. ಇಟ್ಟೇಬಿಟ್ಟಳು.

ತೆಗೆದೆ. ಜ್ಞಾನೋಕ್ತಿಗಳು ಸತ್ಯವೇದದ ಒಂದು ಪುಸ್ತಕ. ಅದರ ಆರನೇ ಅಧ್ಯಾಯ ಶುರುವಾಗುವುದೇ ಜಾಮೀನಿನಿಂದ! ಮಗನೇ, ನೀನು ಇನ್ನೊಬ್ಬನಿಗೆ ಹೊಣೆ ನಿಂತಿದ್ದರೆ ನಿನ್ನ ಬಾಯಿಯ ಮಾತಿಗೇ ನೀನು ಸಿಕ್ಕಿಬಿದ್ದಿದ್ದೀಯ. ಹೋಗು. ನಿನ್ನನ್ನು ತಗ್ಗಿಸಿಕೊ. ಅವನನ್ನು ಬಿಡದೆ ಕಾಡು. ಕಣ್ಣಿಗೆ ನಿದ್ದೆ ಕೊಡಬೇಡ. ಬೇಟೆಗಾರನ ಕೈಯಿಂದ ಜಿಂಕೆ ಓಡುವ ಹಾಗೆ ತಪ್ಪಿಸಿಕೊ. ಇದು ನನ್ನ ಮಾತಿನಲ್ಲಿ ಹೇಳಿದ್ದು, ಆದರೆ ತಾತ್ಪರ್ಯ ಇಷ್ಟೇ. ಐದು ವಚನ. ಅದರಲ್ಲಿ ಎಲ್ಲೂ ಧೈರ್ಯವಾಗಿರು ಅಂತ ಇಲ್ಲ. ಪ್ರಾರ್ಥನೆ ಮಾಡು ಅಂತಲೂ ಇಲ್ಲ. ಚಪ್ಪಲಿ ಹಾಕಿಕೊಂಡು ಹೊರಡು ಅಂತ ಇದೆ.

ನಾನು ಚಿಕ್ಕವನಿದ್ದಾಗಿಂದ ಸತ್ಯವೇದ ಓದಿದವನು. ಸಂಡೇ ಸ್ಕೂಲಿನಲ್ಲಿ ಬಾಯಿಪಾಠಕ್ಕೆ ಬಹುಮಾನ ತೆಗೆದುಕೊಂಡವನು. ಆ ಐದು ವಚನ ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಯಾಕೆ ಅಂತ ಯೋಚನೆ ಮಾಡಿದೆ. ಯಾಕೆಂದರೆ ಅದನ್ನು ಯಾರೂ ಕಾರ್ಡಿನಲ್ಲಿ ಪ್ರಿಂಟ್ ಹಾಕುವುದಿಲ್ಲ. ಗುಲಾಬಿ ಹೂವಿನ ಚಿತ್ರದ ಪಕ್ಕ "ಜಾಮೀನು ಹಾಕಬೇಡ" ಅಂತ ಬರೆದರೆ ಯಾರು ಎತ್ತಿಕೊಳ್ಳುತ್ತಾರೆ?

ಹಾಗಾದರೆ ಅವ್ವನಿಗೆ ಹೇಗೆ ಗೊತ್ತಿತ್ತು? ಅದರಲ್ಲಿ ಪವಾಡ ಏನೂ ಇಲ್ಲ. ಜ್ಞಾನೋಕ್ತಿಗಳಲ್ಲಿ ಇರುವುದು 31 ಅಧ್ಯಾಯ. ತಾರೀಖು ಎಷ್ಟೋ ಅಷ್ಟನೇ ಅಧ್ಯಾಯ. ಇವತ್ತು ಆರು ಅಂದರೆ ಆರನೆಯದು. ತುಂಬ ಮಂದಿ ಹೀಗೆ ಓದುತ್ತಾರೆ, ನಮ್ಮ ಅವ್ವ ಕಂಡುಹಿಡಿದದ್ದೇನಲ್ಲ. ಅವಳು ನಲವತ್ತು ವರ್ಷದಿಂದ ಬೆಳಗಿನ ಚಹಾ ಆರುವ ಹೊತ್ತಿಗೆ ಒಂದು ಅಧ್ಯಾಯ ಮುಗಿಸುತ್ತಾಳೆ, ಅಷ್ಟೇ. ಜಾಮೀನಿನ ವಿಷಯ ಆ ಪುಸ್ತಕದಲ್ಲಿ ಒಂದೇ ಕಡೆ ಇಲ್ಲ. 6ರಲ್ಲಿದೆ, 11ರಲ್ಲಿದೆ, 17ರಲ್ಲಿದೆ, 22ರಲ್ಲಿದೆ. 22ರಲ್ಲಂತೂ, ಕೊಡಲಿಕ್ಕೆ ಏನೂ ಇಲ್ಲದಿದ್ದರೆ ನೀನು ಮಲಗಿರುವ ಹಾಸಿಗೆಯನ್ನೇ ಎಳೆದುಕೊಂಡು ಹೋಗುತ್ತಾರೆ ಅಂತ ಎಚ್ಚರಿಕೆ. ಅವ್ವ ಇದನ್ನು ನೂರಾರು ಸಲ ಓದಿದ್ದಾಳೆ. ನಾನು ಒಂದು ಕಾರ್ಡ್ ಎತ್ತಿದ್ದೆ.

ಕಾರ್ಡ್ ಎತ್ತುವುದು ಪಾಪ ಅಂತ ನಾನು ಹೇಳುತ್ತಿಲ್ಲ. ಅವ್ವನ ಸತ್ಯವೇದದ ಒಳಗೂ ಹಳೆಯ ಕಾರ್ಡುಗಳಿವೆ, ಪುಟದ ಗುರುತಿಗೆ. ನನ್ನ ತಕರಾರು ಬೇರೆ. ಒಂದು ವಚನವನ್ನು ಅದರ ಅಧ್ಯಾಯದಿಂದ ಕಿತ್ತು ಜೇಬಿನಲ್ಲಿ ಇಟ್ಟುಕೊಂಡರೆ ನಮಗೆ ಬೇಕಾದದ್ದನ್ನೇ ಅದು ಹೇಳುತ್ತದೆ. ಆ ವರ್ಷ ನನಗೆ ಸಹಿ ಹಾಕುವುದು ಬೇಕಾಗಿತ್ತು. ಒಳ್ಳೆಯವನು ಅನ್ನಿಸಿಕೊಳ್ಳುವುದು ಬೇಕಾಗಿತ್ತು. ಯೆಶಾಯನನ್ನು ಕರೆದು ಸಾಕ್ಷಿಗೆ ನಿಲ್ಲಿಸಿದೆ.

ಯೆರೆಮೀಯ 29:11 ತೆಗೆದುಕೊಳ್ಳಿ. ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಚನೆ, ಅಹಿತದ್ದಲ್ಲ ಅನ್ನುವ ವಚನ. ಹೊಸ ಕಾರಿನ ಹಿಂದೆ, ಮದುವೆ ಕಾರ್ಡಿನ ಮೇಲೆ, ಪರೀಕ್ಷೆಗೆ ಹೋಗುವ ಮಕ್ಕಳ ಪ್ಯಾಡಿನ ಮೇಲೆ ಹಾಕುತ್ತೇವೆ. ಈಗ ಆ ಅಧ್ಯಾಯವನ್ನು ಮೊದಲಿನಿಂದ ಓದಿ ನೋಡಿ. ಅದು ಒಂದು ಪತ್ರ. ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬಾಬೆಲಿಗೆ ಕಳಿಸಿದ ಪತ್ರ. ಅಲ್ಲಿ ಸೆರೆಯಾಗಿ ಒಯ್ಯಲ್ಪಟ್ಟ ಜನ ಇದ್ದರು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲ ಸರಿಯಾಗುತ್ತದೆ ಅಂತ ಎಲ್ಲರ ಮುಂದೆ ಸಾರಿದ್ದ. ಜನಕ್ಕೆ ಎಷ್ಟು ಖುಷಿಯಾಗಿರಬೇಕು! ಯೆರೆಮೀಯ ಬರೆದದ್ದು 70 ವರ್ಷ ಅಂತ. ಅಂದರೆ ಪತ್ರ ಓದಿದ ದೊಡ್ಡವರಲ್ಲಿ ಹೆಚ್ಚಿನವರು ಅಲ್ಲೇ ಸಾಯುತ್ತಾರೆ. ಹಿತದ ಯೋಚನೆ ಅನ್ನುವ ಮಾತು ಬರುವುದು ಇದಾದ ಮೇಲೆ.

ಅಲ್ಲಿಯವರೆಗೆ ಏನು ಮಾಡಬೇಕು? ಅದೂ ಪತ್ರದಲ್ಲಿದೆ. ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನೀವಿರುವ ಪಟ್ಟಣದ ಒಳ್ಳೆಯದನ್ನು ಬಯಸಿ, ಅದಕ್ಕಾಗಿ ಪ್ರಾರ್ಥಿಸಿ. ಯಾವ ಪಟ್ಟಣ? ಅವರನ್ನು ಸೆರೆ ಹಿಡಿದ ಪಟ್ಟಣ! ಗದಗ ಬಿಟ್ಟು ಬೆಂಗಳೂರಿಗೆ ಬಂದು, ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದುಕೊಂಡು, ದಿನಾ ಈ ಊರನ್ನು ಬೈಯುತ್ತಿದ್ದವನು ನಾನು. ಟ್ರಾಫಿಕ್ ಸರಿಯಿಲ್ಲ, ನೀರು ಸರಿಯಿಲ್ಲ, ಮನೆ ಓನರ್ ಸರಿಯಿಲ್ಲ. ಈ ಊರಿಗಾಗಿ ಒಂದು ದಿನ ಪ್ರಾರ್ಥನೆ ಮಾಡಿದ್ದು ನೆನಪಿಲ್ಲ. 11ನೇ ವಚನ ನನಗೆ ಬಾಯಿಪಾಠ ಇತ್ತು. ದಿನದ ಬದುಕಿಗೆ ಬೇಕಾದದ್ದು 5, 6, 7ರಲ್ಲಿ ಕೂತಿತ್ತು.

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತ ನಮ್ಮಲ್ಲಿ ಒಂದು ಮಾತಿದೆ. ನಮ್ಮ ಸತ್ಯವೇದದ ವಿಶೇಷ ಏನೆಂದರೆ, ಅದರ ಒಳಗೇ ಒಂದು ಗಾದೆ ಪುಸ್ತಕ ಇದೆ, ಅದೇ ಜ್ಞಾನೋಕ್ತಿಗಳು. ಬಾಸೆಲ್ ಮಿಷನ್ನಿನಿಂದ ಬಂದ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದನ್ನು ತಿರುವಿ ಹಾಕಿ, ಶಬ್ದದ ಅರ್ಥದ ಜೊತೆಗೆ ಎಷ್ಟೊಂದು ಗಾದೆಗಳು ಸಿಗುತ್ತವೆ. ಮಾತು ಬದುಕುವುದು ಬಳಕೆಯಲ್ಲಿ ಅಂತ ಆ ಪಾದ್ರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಜ್ಞಾನೋಕ್ತಿಗಳನ್ನು ಓದಿದಾಗ ನನಗೆ ನಗು ಬರುತ್ತದೆ. ನಿಜವಾಗಿ. 20:14 ನೋಡಿ. ಕೊಳ್ಳುವವನು "ಚೆನ್ನಾಗಿಲ್ಲ, ಚೆನ್ನಾಗಿಲ್ಲ" ಅನ್ನುತ್ತಾನೆ, ಆಚೆ ಹೋಗಿ ಕೊಚ್ಚಿಕೊಳ್ಳುತ್ತಾನೆ. ಸೊಪ್ಪಿನ ಗಾಡಿ ಮುಂದೆ ನಾನು ಮಾಡುವುದು ಇದನ್ನೇ ಅಲ್ವಾ? 25:17, ನೆರೆಯವನ ಮನೆಗೆ ಪದೇ ಪದೇ ಹೋಗಬೇಡ, ಅವನಿಗೆ ಬೇಸರವಾದೀತು. 27:14, ಬೆಳಿಗ್ಗೆ ಬೆಳಿಗ್ಗೆ ಎದ್ದು ಜೋರು ದನಿಯಲ್ಲಿ ಗೆಳೆಯನನ್ನು ಆಶೀರ್ವದಿಸಿದರೆ ಅದು ಶಾಪದ ಲೆಕ್ಕಕ್ಕೆ ಹೋಗುತ್ತದೆ. ಐದೂವರೆಗೆ ವಾಟ್ಸಾಪ್ ಗ್ರೂಪಿನಲ್ಲಿ ವಚನದ ಫೋಟೋ ಹಾಕುವ ಅಣ್ಣಂದಿರೇ, ಅಕ್ಕಂದಿರೇ, ಇದು ನಾನು ಹೇಳಿದ್ದಲ್ಲ.

ಕಾರ್ಡಿನವರಿಗೆ ತುಂಬ ಕಷ್ಟ ಕೊಡುವ ಜಾಗ ಇನ್ನೊಂದಿದೆ. 26ನೇ ಅಧ್ಯಾಯದ 4ನೇ ವಚನ, ಮೂಢನಿಗೆ ಅವನ ಮೂರ್ಖತನದ ಹಾಗೆ ಉತ್ತರ ಕೊಡಬೇಡ ಅನ್ನುತ್ತದೆ. 5ನೇ ವಚನ, ಕೊಡು ಅನ್ನುತ್ತದೆ. ಪಕ್ಕಪಕ್ಕದಲ್ಲೇ! ಬರೆದವರು ಮರೆತರಾ? ಇಲ್ಲ. ನಮ್ಮಲ್ಲೂ ತಾಳಿದವನು ಬಾಳಿಯಾನು ಅಂತ ಇದೆ, ನಾಳೆ ಎಂದವನ ಮನೆ ಹಾಳು ಅಂತಲೂ ಇದೆ. ಎರಡೂ ನಿಜ. ಇವತ್ತು ಯಾವುದು ಅನ್ನುವುದನ್ನು ನೀನೇ ನೋಡಬೇಕು, ಎದುರಿಗಿರುವ ಮನುಷ್ಯನನ್ನು ನೋಡಿ, ದೇವರನ್ನು ಕೇಳಿ. ಅದೇ ಅಧ್ಯಾಯದ 9ನೇ ವಚನದಲ್ಲಿ, ಮೂಢನ ಬಾಯಲ್ಲಿ ಗಾದೆ ಅಂದರೆ ಕುಡುಕನ ಕೈಯಲ್ಲಿ ಮುಳ್ಳು ಅಂತ ಇದೆ. ಗಾದೆ ಸರಿಯಾಗೇ ಇರುತ್ತದೆ. ಹಿಡಿದ ಕೈ ಸರಿಯಿಲ್ಲ. ಸತ್ಯವೇದದಲ್ಲಿ ಯೋಬನನ್ನು ಸಮಾಧಾನ ಮಾಡಲು ಬಂದ ಗೆಳೆಯರನ್ನು ನೆನಪು ಮಾಡಿಕೊಳ್ಳಿ, ಅವರ ಮಾತುಗಳಲ್ಲಿ ಎಷ್ಟೋ ಒಂದೊಂದಾಗಿ ಓದಿದರೆ ಚೆನ್ನಾಗೇ ಇವೆ. ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕೂತವನ ಮುಂದೆ ಹೇಳುವ ಮಾತಲ್ಲ, ಅಷ್ಟೇ.

ಇನ್ನೊಂದು. ಮತ್ತಾಯ 4ರಲ್ಲಿ ಯೇಸುವಿನ ಮುಂದೆ ಕೀರ್ತನೆ 91ನ್ನು ಎತ್ತಿ ಹೇಳುವವನು ಸೈತಾನ. ನಮ್ಮ ಕಾರ್ಡುಗಳಲ್ಲಿ ತುಂಬ ಬರುವ ಕೀರ್ತನೆ! ಕೆಳಕ್ಕೆ ದುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಬರೆದಿದೆಯಲ್ಲ ಅನ್ನುತ್ತಾನೆ. ಯೇಸು ಆ ವಚನ ಸುಳ್ಳು ಅನ್ನುವುದಿಲ್ಲ. ನಿನ್ನ ದೇವರನ್ನು ಪರೀಕ್ಷಿಸಬಾರದು ಅಂತಲೂ ಬರೆದಿದೆ ಅನ್ನುತ್ತಾನೆ. ಆ "ಲೂ" ಇದೆಯಲ್ಲ, ನನ್ನ ಇಡೀ ಮಾತು ಅದೇ. ಅದು ಬಾಯಿಗೆ ಬರಬೇಕಾದರೆ ಉಳಿದ ಪುಟಗಳನ್ನೂ ಓದಿರಬೇಕು. ಕೀರ್ತನೆ 1ರಲ್ಲಿ ಹಗಲೂ ರಾತ್ರಿ ಧ್ಯಾನಿಸುವುದು ಅಂತ ಬರುತ್ತದಲ್ಲ, ಅದರ ಹೀಬ್ರೂ ಪದಕ್ಕೆ ಸಣ್ಣ ದನಿಯಲ್ಲಿ ಗೊಣಗಿಕೊಳ್ಳುವುದು ಅಂತಲೂ ಅರ್ಥ ಇದೆ. ಯೆಶಾಯ 31ರಲ್ಲಿ ಬೇಟೆಯ ಮೇಲೆ ನಿಂತ ಸಿಂಹ ಗುರುಗುಟ್ಟುವುದಕ್ಕೂ ಅದೇ ಪದ. ನಮ್ಮ ಅವ್ವ ಓದುವುದೂ ಹಾಗೇ. ಪಕ್ಕದ ಕೋಣೆಗೆ ಕೇಳಿಸುತ್ತದೆ.

ಕಥೆ ಮುಗಿಸುತ್ತೇನೆ. ಆ ಆರನೇ ಅಧ್ಯಾಯ ಓದಿದ ದಿನ ರಾತ್ರಿಯೇ ಗೆಳೆಯನ ಮನೆಗೆ ಹೋದೆ. ಬಾಗಿಲು ತೆಗೆಯಲು ತುಂಬ ಹೊತ್ತು ಮಾಡಿದ. ಕೆಲಸ ಹೋಗಿ ಐದು ತಿಂಗಳಾಗಿತ್ತಂತೆ. ನಾಚಿಕೆಯಿಂದ ಹೇಳಿರಲಿಲ್ಲ. ಮರುದಿನ ಇಬ್ಬರೂ ಸೇರಿ ಸಾಲ ಕೊಟ್ಟವರ ಹತ್ತಿರ ಹೋದೆವು. ಕಂತು ಸಣ್ಣದು ಮಾಡಿಸಿದೆವು. ಮೊದಲ ನಾಲ್ಕು ನಾನು ಕಟ್ಟಿದೆ. ಉಳಿದದ್ದು ಅವನು ಕಟ್ಟಿದ. ಹತ್ತು ದಿನ ತಡ ಮಾಡಿದ್ದರೂ ಅವನು ಊರು ಬಿಡುತ್ತಿದ್ದ, ಅವನೇ ಹೇಳಿದ.

ಹಾಗಂತ ಈಗ ನನಗೆ ಎಲ್ಲ ಸಲೀಸಾಗಿದೆ ಅಂದುಕೊಳ್ಳಬೇಡಿ. ಹೋದ ತಿಂಗಳು ಸಭೆಯ ಇನ್ನೊಬ್ಬ ತಮ್ಮ ಬಂದ, ಅದೇ ಬೇಡಿಕೆ. ಆರನೇ ಅಧ್ಯಾಯ ಬಾಯಲ್ಲೇ ಇತ್ತು. ಆದರೆ ಅವತ್ತು ತಾರೀಖು ಮೂರು. ಬೆಳಿಗ್ಗೆ ತಾನೇ ಓದಿದ್ದೆ. ಕೈಯಲ್ಲಿ ಇರುವಾಗ, ಹೋಗಿ ನಾಳೆ ಬಾ ಅಂತ ನೆರೆಯವನಿಗೆ ಹೇಳಬೇಡ ಅಂತ ಇದೆ ಅಲ್ಲಿ. ಒಳಗೆ ಹೋಗಿ ಹೆಂಡತಿ ಜೊತೆ ಮಾತಾಡಿದೆ. ವಾಪಸ್ ಬರದಿದ್ದರೂ ನಡೆಯುತ್ತದೆ ಅನ್ನುವಷ್ಟು ಲೆಕ್ಕ ಹಾಕಿದೆವು. ಎಂಟು ಸಾವಿರ. ಅದನ್ನು ಕೊಟ್ಟೆ. ಸಹಿ ಹಾಕಲಿಲ್ಲ. ಅವನ ಮುಖ ಸಣ್ಣದಾಯಿತು. ಹೋದ ಭಾನುವಾರ ನನ್ನನ್ನು ನೋಡಿ ಇನ್ನೊಂದು ಬಾಗಿಲಿನಿಂದ ಹೊರಗೆ ಹೋದ.

ಇವತ್ತು ತಾರೀಖು 18. ಮುನಿಸಿಕೊಂಡ ಸಹೋದರನನ್ನು ಒಲಿಸಿಕೊಳ್ಳುವುದು ಕೋಟೆ ಗೆಲ್ಲುವುದಕ್ಕಿಂತ ಕಷ್ಟ ಅಂತ 19ನೇ ವಚನದಲ್ಲಿದೆ. ಈ ರೆಕಾರ್ಡಿಂಗ್ ಮುಗಿಸಿ ಅವನ ಮನೆಗೆ ಹೊರಡುತ್ತಿದ್ದೇನೆ. ಜಾಸ್ತಿ ಹೊತ್ತು ಕೂರುವುದಿಲ್ಲ, 25:17 ನೆನಪಿದೆ.