ಬಿಟ್ಟ ಹಕ್ಕಿ ಎಷ್ಟು, ಬಂದ ಹಕ್ಕಿ ಎಷ್ಟು

ಎಲ್ಲರಿಗೂ ನಮಸ್ಕಾರ.

ಕಳೆದ ವರ್ಷ ಫೆಬ್ರವರಿಯ ಒಂದು ಸಂಜೆ ಮಂಗಳೂರಿನ ಉರ್ವದ ನಮ್ಮ ತಾರಸಿಗೆ ಒಂದು ಹೋಮರ್, ಅಂದರೆ ರೇಸಿಗೆ ಬಿಡುವ ಪಾರಿವಾಳ, ಬಂದು ಕೂತಿತು. ನಮ್ಮದಲ್ಲ. ನಮ್ಮ ಹಕ್ಕಿಗಳೆಲ್ಲ ಕಾಳಿಗೆ ಮುತ್ತಿಕೊಂಡಿದ್ದರೂ ಅದು ನೀರಿನ ಬೋಗುಣಿ ಬಿಟ್ಟು ಕದಲಲಿಲ್ಲ. ಹಿಡಿದು ನೋಡಿದರೆ ಎದೆಯ ಮಾಂಸ ಕರಗಿ ಮೂಳೆ ಕತ್ತಿಯ ಬಾಯಿಯ ಹಾಗೆ ಕೈಗೆ ತಾಗುತ್ತಿತ್ತು. ರೆಕ್ಕೆಯ ಗರಿಯಲ್ಲಿ ಯಜಮಾನರ ಫೋನ್ ನಂಬರಿನ ಮೊಹರು ಇತ್ತು. ಖುಷಿಯಿಂದಲೇ ಫೋನ್ ಮಾಡಿದೆ. "ಅದು ಯಾವತ್ತಿನ ರೇಸಿನದ್ದೋ ಏನೋ. ನನಗೆ ಬೇಡ, ನೀವೇ ಏನಾದರೂ ಮಾಡಿಕೊಳ್ಳಿ" ಎಂದರು.

ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ತಡವಾಗಿ ಬಂದ ಹಕ್ಕಿಗೆ ನಮ್ಮ ಆಟದ ಲೆಕ್ಕದ ಪುಸ್ತಕದಲ್ಲಿ ಜಾಗವೇ ಇಲ್ಲ, ಅಷ್ಟೇ. ನಾನು ಇವತ್ತು ಮಾತಾಡಬೇಕೆಂದಿರುವುದು ಆ ಪುಸ್ತಕದ ಬಗ್ಗೆ.

ಪಾರಿವಾಳ ಸಾಕದವರೂ ಇಲ್ಲಿದ್ದೀರಿ, ಸ್ವಲ್ಪ ವಿವರಿಸುತ್ತೇನೆ. ಮೊಟ್ಟೆ ಒಡೆಯಲು ಸುಮಾರು 18 ದಿನ ಬೇಕು. ಕಾವು ಕೂರುವುದು ಗಂಡು ಹೆಣ್ಣು ಎರಡೂ, ಗಂಟಲ ಚೀಲದಲ್ಲಿ ಊರುವ ಹಾಲಿನಂಥದ್ದನ್ನು ಮರಿಗೆ ಉಣಿಸುವುದೂ ಎರಡೂ. ಒಂದು ವಾರ ಕಳೆಯುವಾಗ ಮರಿಯ ಮುಂದಿನ ಮೂರು ಬೆರಳು ಜೋಡಿಸಿ, ಹಿಂದಿನದ್ದನ್ನು ಕಾಲಿಗೆ ಒತ್ತಿ, ಉಂಗುರ ದಾಟಿಸುತ್ತೇವೆ. ನಾಲ್ಕು ದಿನ ತಡವಾದರೆ ಬೆರಳು ದಪ್ಪವಾಗಿ ಉಂಗುರ ಏರುವುದಿಲ್ಲ, ಏರಿದ್ದು ಮತ್ತೆ ಇಳಿಯುವುದಿಲ್ಲ. ಜೀವ ಇರುವವರೆಗೂ ಅದೇ ಅದರ ಗುರುತು.

ರೇಸಿನಲ್ಲಿ ಮೊದಲು ಮನೆ ಸೇರಿದ್ದೇ ಗೆದ್ದಿತು ಅಂತಲ್ಲ. ಭಟ್ಕಳದಿಂದ ಬಿಟ್ಟರೆ ಸುರತ್ಕಲ್ಲಿನ ಗೂಡಿಗಿಂತ ಉಳ್ಳಾಲದ ಗೂಡು ಇಪ್ಪತ್ತು ಕಿಲೋಮೀಟರಿನಷ್ಟು ದೂರ. ಹಾಗಾಗಿ ದೂರವನ್ನು ಸಮಯದಿಂದ ಭಾಗಿಸಿ ನಿಮಿಷಕ್ಕೆ ಎಷ್ಟು ಮೀಟರ್ ಎಂದು ನೋಡುತ್ತಾರೆ. ಬಹಳ ನ್ಯಾಯವಾದ ಲೆಕ್ಕ. ಆದರೆ ಈ ಲೆಕ್ಕ ಬಂದ ಹಕ್ಕಿಯದ್ದು ಮಾತ್ರ.

ಈ ಆಟಕ್ಕೆ ಈಗಿನ ರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂನಲ್ಲಿ. ಅಲ್ಲಿನ ನ್ಯೂ ಕಿಮ್ ಎಂಬ ಎರಡು ವರ್ಷದ ಹೆಣ್ಣು ಪಾರಿವಾಳ 2020ರ ಹರಾಜಿನಲ್ಲಿ 16 ಲಕ್ಷ ಯೂರೋಗೆ ಹೋಯಿತು. ಸುದ್ದಿ ಕೇಳಿ ನಮ್ಮ ಹುಡುಗರ ಕಣ್ಣು ಅರಳಿದ್ದು ನಿಜ. ನನಗೆ ಮಾತ್ರ ಸಂಕಟವಾಯಿತು. ಒಂದು ಹಕ್ಕಿಗೆ ಅಷ್ಟು ಬೆಲೆ ಕಟ್ಟಿದ ಮೇಲೆ ಉಳಿದ ನೂರು ಹಕ್ಕಿಗೆ ಬೆಲೆಯೇ ಇಲ್ಲ ಅನ್ನುವ ಹಾಗಾಗುತ್ತದೆ.

ಅವು ಮನೆಗೆ ಬರುವ ಬಗೆಯೇ ಒಂದು ಬೆರಗು. ಸೂರ್ಯನನ್ನು ನೋಡಿ ದಿಕ್ಕು ಹಿಡಿಯುತ್ತವೆ. 1971ರಲ್ಲಿ ಅಮೆರಿಕದ ವಿಲಿಯಂ ಕೀಟನ್ ಪಾರಿವಾಳಗಳ ಬೆನ್ನಿಗೆ ಅಯಸ್ಕಾಂತ ಕಟ್ಟಿ ಬಿಟ್ಟದ್ದನ್ನು ಪ್ರಕಟಿಸಿದರು. ಮೋಡ ಕವಿದ ದಿನ ಅವಕ್ಕೆ ದಿಕ್ಕು ತಪ್ಪುತ್ತಿತ್ತು. ಗಾಳಿಯ ವಾಸನೆಯೂ ದಾರಿ ತೋರಿಸುತ್ತದೆ ಎಂದವರು ಇಟಲಿಯವರು. ಪರಿಚಯದ ಊರಿನಲ್ಲಿ ಹೆದ್ದಾರಿಯನ್ನೇ ಹಿಡಿದು ಬರುವುದೂ ಉಂಟು. ನಮ್ಮ ಮರಿಗಳನ್ನು ಪಡುಬಿದ್ರಿ, ಕಾಪು, ಕುಂದಾಪುರ ಅಂತ ಕರಾವಳಿಯುದ್ದಕ್ಕೂ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸುತ್ತಾ ಬಿಟ್ಟು ಕಲಿಸಿದವನು ನಾನು. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ಅವು ಬರುತ್ತಿದ್ದವು. ಬೆಂಗಳೂರಿನಿಂದ ಬಿಟ್ಟರೆ ಹಾಗಲ್ಲ. ನೇರ ಲೆಕ್ಕದಲ್ಲಿ ಸುಮಾರು 300 ಕಿಲೋಮೀಟರ್, ಜೊತೆಗೆ ಘಟ್ಟದ ಮಂಜು, ಗಿಡುಗ. ಮೊದಲ ವರ್ಷ ನಾನು ಕಳಿಸಿದ ಆರರಲ್ಲಿ ಎರಡು ಬಂದವು. ಅದರಲ್ಲಿ ಒಂದಕ್ಕೆ ಸ್ಥಾನ ಸಿಕ್ಕಿತು ಅಂತ ಸಿಹಿ ಹಂಚಿದೆ. ಉಳಿದ ನಾಲ್ಕನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ನಾಲ್ಕರಲ್ಲಿ ಒಂದು ನೀಲಿ ಪಟ್ಟೆಯ ಹೆಣ್ಣು, ನನ್ನ ಹೆಗಲ ಮೇಲೆ ಕೂತು ಹುರುಳಿ ತಿನ್ನುತ್ತಿದ್ದದ್ದು.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಹತ್ತು ಹಕ್ಕಿ ಬಿಟ್ಟವರದ್ದು ಮೂರು ದಿನದೊಳಗೆ ಎಂಟಾದರೂ ಮರಳಿದರೆ ಮಾತ್ರ ಬಹುಮಾನಕ್ಕೆ ಪರಿಗಣಿಸೋಣ. ಆಗ ಸೊರಗಿದ ಹಕ್ಕಿಯನ್ನು ಯಾರೂ ಬುಟ್ಟಿಗೆ ಹಾಕುವುದಿಲ್ಲ. ಮೋಡ ಕವಿದಿದ್ದರೆ "ಇವತ್ತು ಬೇಡ ಮಾರಾಯ್ರೆ" ಅಂತ ಸ್ಪರ್ಧಿಗಳೇ ತಡೆಯುತ್ತಾರೆ. ಅಪರಿಚಿತರ ಫೋನ್ ಬಂದರೆ ರಾತ್ರೋರಾತ್ರಿ ಬೈಕ್ ಹತ್ತಿ ಹೋಗಿ ತರುತ್ತಾರೆ. ಹೊಡೆತದ ಪ್ರಶ್ನೆ ಎದ್ದಾಗ ನಮ್ಮ ಕಂಬಳದವರು ನಿಯಮಕ್ಕೆ ಒಪ್ಪಿದರು. ಕಂಬಳಕ್ಕೆ ಅವಕಾಶ ಕೊಟ್ಟ 2017ರ ರಾಜ್ಯದ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಾವು ಕೋರ್ಟಿನವರೆಗೆ ಯಾಕೆ ಕಾಯಬೇಕು?

ಇನ್ನೊಂದು ಮಾತು. ಹಂಚಿನ ಮನೆಗಳು ಹೋಗಿ ಫ್ಲ್ಯಾಟುಗಳು ಬಂದವು, ಗೂಡಿಗೆ ಜಾಗವಿಲ್ಲ. ಹೊರದೇಶಗಳಲ್ಲಿ ಹಲವರ ಮರಿಗಳನ್ನು ಒಂದೇ ಗೂಡಿನಲ್ಲಿ ಬೆಳೆಸಿ, ಒಂದೇ ಮೇವು ಕೊಟ್ಟು, ಒಟ್ಟಿಗೆ ಹಾರಿಸುವ ಪದ್ಧತಿ ಇದೆ. ಎಂಟನೇ ಮಹಡಿಯ ಹುಡುಗನೂ ಒಂದು ಮರಿ ಕೊಟ್ಟು ಆಟದಲ್ಲಿರಬಹುದು. ನಮ್ಮಲ್ಲೂ ಆಗಲಿ. ಆದರೆ ಅಲ್ಲಿಯೂ ಎಷ್ಟು ಬಿಟ್ಟರು, ಎಷ್ಟು ಬಂದವು ಎಂಬುದು ಗೋಡೆಯ ಮೇಲೆ ಇರಲಿ.

ಆ ಫೆಬ್ರವರಿಯ ಹಕ್ಕಿ ಈಗ ನಮ್ಮಲ್ಲೇ ಇದೆ. ಎರಡು ಮೊಟ್ಟೆಗೆ ಕಾವು ಕೂತಿದೆ. ಹೊರಗೆ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಎರಡೇ ಕಾಲಂ. ಕಳೆದ ಸೀಸನ್ನಿನಲ್ಲಿ ಬಿಟ್ಟದ್ದು, ಬಂದದ್ದು. ಹೆಸರು ಬೇಡ. ಮೊದಲ ಸಾಲಿನಲ್ಲಿ ಆರು, ಎರಡು ಅಂತ ನನ್ನ ಮೊದಲ ವರ್ಷದ ಲೆಕ್ಕವನ್ನೇ ಬರೆದಿದ್ದೇನೆ.