ಬ್ರೇಕ್ ಕೈಕೊಟ್ಟಾಗ ಪೆಡಲ್ ಕೊಡುವ ಸುಳಿವು

ಕೇಳುಗರಿಗೆ ನಮಸ್ಕಾರ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯನ್ನು ಇಳಿಯುತ್ತಿರುವ ಹಳೆಯ ಕಾರೊಂದರ ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗಿ ನೆಲಕ್ಕೆ ತಾಗುತ್ತದೆ ಎಂದುಕೊಳ್ಳಿ. ಚಾಲಕರು ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆದು, ಹೇಗೋ ಕಾರನ್ನು ಬದಿಗೆ ನಿಲ್ಲಿಸುತ್ತಾರೆ. ಅರ್ಧ ಗಂಟೆಯ ನಂತರ ಒತ್ತಿ ನೋಡಿದರೆ ಪೆಡಲ್ ಮೊದಲಿನಂತೆಯೇ ಗಟ್ಟಿಯಾಗಿರುತ್ತದೆ. ಮರುದಿನ ಗ್ಯಾರೇಜಿನಲ್ಲಿ ನಾಲ್ಕೂ ಚಕ್ರ ಬಿಚ್ಚಿ ನೋಡಿದರೂ ಸೋರಿಕೆ ಕಾಣುವುದಿಲ್ಲ. ಎಲ್ಲವೂ ಸರಿಯಾಗಿದೆ ಎಂದು ಕಾರನ್ನು ಹಿಂದಿರುಗಿಸುತ್ತಾರೆ. ಬ್ರೇಕಿನ ದೋಷಗಳಲ್ಲಿ ಹೀಗೆ ತಾನಾಗಿ ಬಂದು ತಾನಾಗಿ ಮರೆಯಾಗುವ ದೋಷಕ್ಕೇ ನಾನು ಹೆಚ್ಚು ಹೆದರುತ್ತೇನೆ, ಏಕೆಂದರೆ ಅದು ಮುಂದಿನ ಇಳಿಜಾರಿನಲ್ಲಿ ಮತ್ತೆ ಬರುವುದು ಬಹುಮಟ್ಟಿಗೆ ಖಚಿತ.

ಇದರ ಕಾರಣ ಸಾಮಾನ್ಯವಾಗಿ ಬ್ರೇಕ್ ಆಯಿಲಿನಲ್ಲೇ ಇರುತ್ತದೆ. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಸಾಗಿಸುವ ಈ ದ್ರವವು ರಬ್ಬರ್ ಹೋಸುಗಳ ಮೂಲಕ ಮತ್ತು ಡಬ್ಬಿಯ ಮುಚ್ಚಳದ ಸಂದಿನ ಮೂಲಕ ಗಾಳಿಯಲ್ಲಿನ ತೇವವನ್ನು ವರ್ಷಗಟ್ಟಲೆ ಹೀರಿಕೊಳ್ಳುತ್ತಾ ಹೋಗುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಆದರೆ ಅದೇ ಆಯಿಲು ಶೇಕಡಾ ಮೂರೂವರೆಗಿಂತ ಸ್ವಲ್ಪ ಹೆಚ್ಚು ನೀರನ್ನು ಹೀರಿಕೊಂಡ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಬ್ರೇಕಿನ ಮೇಲೆ ಕಾಲಿಟ್ಟೇ ಘಾಟಿಯನ್ನು ಇಳಿದರೆ ಮುಂದಿನ ಚಕ್ರಗಳ ಬ್ರೇಕ್ ಡಿಸ್ಕುಗಳ ಬಿಸಿ ಈ ಆಯಿಲನ್ನು ಕುದಿಸಿ ಆವಿ ಮಾಡುತ್ತದೆ; ಆವಿ ಅದುಮಿದಷ್ಟೂ ಕುಗ್ಗುವುದರಿಂದ ಕಾಲಿನ ಒತ್ತಡ ಚಕ್ರದವರೆಗೆ ತಲುಪುವುದಿಲ್ಲ. ತಣ್ಣಗಾದೊಡನೆ ಆವಿ ಮತ್ತೆ ದ್ರವವಾಗುತ್ತದೆ, ಸಾಕ್ಷಿಯೇ ಉಳಿಯುವುದಿಲ್ಲ. ಆಯಿಲು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿದ್ದು, ಅದನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ, ಮೊದಲು ಅನುಮಾನಿಸಬೇಕಾದುದು ಇದನ್ನೇ. ಅದೇ ಘಾಟಿಯಲ್ಲಿ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಕಾರಣ ಬೇರೆ: ಅಲ್ಲಿ ಆಯಿಲು ಕುದಿದಿಲ್ಲ, ಡಿಸ್ಕಿಗೂ ಡ್ರಮ್ಮಿಗೂ ಒತ್ತಿಕೊಂಡು ಚಕ್ರವನ್ನು ಹಿಡಿಯುವ ಪ್ಯಾಡುಗಳೂ ಲೈನರುಗಳೂ ವಿಪರೀತ ಕಾದು ಹಿಡಿತ ಕಳೆದುಕೊಂಡಿವೆ.

ಪೆಡಲ್ ನೆಲಕ್ಕಿಳಿದು ಸ್ವಲ್ಪವೂ ಬ್ರೇಕ್ ಹಿಡಿಯಲಿಲ್ಲವೇ, ಅಥವಾ ಆಳಕ್ಕೆ ಇಳಿದರೂ ಒಂದಿಷ್ಟು ಹಿಡಿಯಿತೇ ಎಂಬುದು ಮುಖ್ಯ. ಮಾರುತಿ 800ರಂತಹ ಕಾರುಗಳಲ್ಲಿ ಬ್ರೇಕಿನ ವ್ಯವಸ್ಥೆ ಎರಡು ಪ್ರತ್ಯೇಕ ಭಾಗಗಳಾಗಿರುವುದರಿಂದ ಒಂದು ಪೈಪು ಒಡೆದರೂ ಉಳಿದ ಅರ್ಧ ಕೆಲಸ ಮಾಡಬೇಕು. ಹಾಗಾಗಿ ಅಂಥ ಕಾರಿನಲ್ಲಿ ಬ್ರೇಕ್ ಪೂರ್ತಿ ಹೋದರೆ ಎರಡೂ ಭಾಗಗಳನ್ನು ಒಟ್ಟಿಗೇ ಕೆಡಿಸುವ ಕಾರಣವನ್ನು, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು, ಕುದಿದ ಆಯಿಲನ್ನು ಅಥವಾ ಪೆಡಲಿನ ಕೊಂಡಿಯನ್ನು ಹುಡುಕಬೇಕು. ಆರಂಭದ ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳಿಗೆ ಈ ರಕ್ಷಣೆ ಇರಲಿಲ್ಲ. ಅಲ್ಲಿ ಚಕ್ರದ ಬಳಿ ಬ್ರೇಕನ್ನು ತಳ್ಳುವ ಒಂದು ವೀಲ್ ಸಿಲಿಂಡರಿನ ರಬ್ಬರ್ ವಾಷರ್ ಹರಿದರೂ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೇ ಹೋಗುತ್ತದೆ.

ಪ್ಯಾಡುಗಳು ಸವೆದಂತೆ ಆಯಿಲಿನ ಮಟ್ಟ ನಿಧಾನವಾಗಿ ತುಸು ಇಳಿಯುತ್ತದೆ; ಅದಕ್ಕಿಂತ ಹೆಚ್ಚು ಇಳಿದಿದ್ದರೆ ಸೋರಿಕೆಯನ್ನು ಅನುಮಾನಿಸಬೇಕು. ಹಿಂದಿನ ಚಕ್ರಗಳ ಒಳಬದಿ, ಹೋಸುಗಳ ತುದಿ, ತುಕ್ಕು ಹಿಡಿದ ಉಕ್ಕಿನ ಪೈಪು, ಇಷ್ಟನ್ನೂ ನೋಡಿದ ಮೇಲೆಯೂ ಜಾಗ ಸಿಗದಿದ್ದರೆ ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ, ಅಂದರೆ ಎಂಜಿನ್ನಿನ ನಿರ್ವಾತದ ಬಲದಿಂದ ಕಾಲಿನ ಒತ್ತಡವನ್ನು ಹೆಚ್ಚಿಸುವ ಡಬ್ಬಿಗೆ, ಕೂಡುವಲ್ಲಿ ನೋಡಬೇಕು, ಏಕೆಂದರೆ ಅಲ್ಲಿ ಸೋರಿದ ಆಯಿಲು ಬೂಸ್ಟರಿನೊಳಗೇ ಸೇರಿ ಹೊರಗೆ ಒಂದು ಹನಿಯೂ ಕಾಣದಿರಬಹುದು.

ಮಟ್ಟ ಇಳಿದಿಲ್ಲ, ಆದರೂ ಪೆಡಲ್ ಇಳಿಯುತ್ತದೆ ಎನ್ನುವವರು ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು, ಪೆಡಲನ್ನು ಹದವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಲಿ. ಅದು ಕಾಲಿನಡಿಯಲ್ಲಿ ನಿಧಾನವಾಗಿ ಜಾರುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನೊಳಗಿನ ಕಪ್ ವಾಷರುಗಳು ಸವೆದು ಆಯಿಲನ್ನು ಹಿಂದಕ್ಕೆ ಬಿಡುತ್ತಿವೆ. ಮೊದಲ ಒತ್ತಿಗೆ ತೀರ ಕೆಳಗೆ ಹೋಗಿ ಎರಡನೆಯ ಒತ್ತಿಗೆ ಮೇಲೆ ಬರುವ ಪೆಡಲ್, ಹಿಂದಿನ ಚಕ್ರಗಳ ಡ್ರಮ್ಮಿನೊಳಗೆ ಲೈನರುಗಳನ್ನು ಹೊತ್ತಿರುವ ಶೂಗಳ ಸವೆತವನ್ನೋ ತಪ್ಪಿದ ಅಡ್ಜಸ್ಟ್‌ಮೆಂಟನ್ನೋ ಸೂಚಿಸುತ್ತದೆ. ಸ್ಪಂಜಿನಂತೆ ಪುಟಿದರೆ ಪೈಪಿನಲ್ಲಿ ಗಾಳಿ ಸೇರಿದೆ.

ಪೆಡಲ್ ಕಲ್ಲಿನಂತಾಗಿ ಒತ್ತಲು ಆಗದೇ ಹೋದರೆ ಬೂಸ್ಟರನ್ನು ಪರೀಕ್ಷಿಸಬೇಕು. ಎಂಜಿನ್ ನಿಲ್ಲಿಸಿ ನಾಲ್ಕೈದು ಬಾರಿ ಪೆಡಲ್ ಒತ್ತಿ, ಒತ್ತಿ ಹಿಡಿದಿರುವಂತೆಯೇ ಎಂಜಿನ್ ಚಾಲೂ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರೋ ಅದರ ನಿರ್ವಾತದ ಹೋಸೋ ಕೆಟ್ಟಿದೆ. ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ನ್ಯೂಟ್ರಲಿನಲ್ಲಿ ಹೋಗುವವರು ಈ ದೋಷವನ್ನು ತಾವೇ ಸೃಷ್ಟಿಸಿಕೊಳ್ಳುತ್ತಾರೆ: ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಬೂಸ್ಟರಿನ ನೆರವು ಮುಗಿದಿರುತ್ತದೆ.

ಇನ್ನು ದುರಸ್ತಿಯಿಂದಲೇ ಹುಟ್ಟುವ ದೋಷವೊಂದಿದೆ. ಹಳೆಯ ಕಾರಿನ ಆಯಿಲು ಬದಲಿಸಿ ಬ್ಲೀಡಿಂಗ್, ಅಂದರೆ ಪೆಡಲನ್ನು ಮತ್ತೆ ಮತ್ತೆ ತುಳಿದು ಪೈಪಿನ ಗಾಳಿಯನ್ನು ಹೊರಹಾಕುವ ಕೆಲಸ, ಮಾಡಿದ ಕೆಲವೇ ದಿನಗಳಲ್ಲಿ, ಅದುವರೆಗೆ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಹೋಗುವುದುಂಟು. ದಿನನಿತ್ಯದ ಓಡಾಟದಲ್ಲಿ ಅದರ ಪಿಸ್ಟನ್ ಸಿಲಿಂಡರಿನ ಕೊಳವೆಯ ಒಂದು ಭಾಗದಲ್ಲಷ್ಟೇ ಚಲಿಸಿ ಅದನ್ನು ನುಣುಪಾಗಿಸಿರುತ್ತದೆ; ಅದರಾಚೆಗೆ ಕೊಳೆಯೂ ತುಕ್ಕೂ ಕೂತಿರುತ್ತವೆ. ಬ್ಲೀಡಿಂಗಿಗಾಗಿ ಪೆಡಲನ್ನು ನೆಲದವರೆಗೆ ತುಳಿದಾಗ ರಬ್ಬರ್ ಕಪ್ಪುಗಳು ಆ ಒರಟು ಜಾಗಕ್ಕೆ ಉಜ್ಜಿ ಹರಿಯುತ್ತವೆ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಪೆಡಲಿನ ಅಡಿಯಲ್ಲಿ ಒಂದು ಮರದ ತುಂಡನ್ನಿಟ್ಟು, ಅದು ಪೂರ್ತಿ ಕೆಳಗಿಳಿಯದಂತೆ ನೋಡಿಕೊಳ್ಳಿ ಎಂದು ಮೆಕ್ಯಾನಿಕ್‌ಗೆ ಹೇಳಿಬಿಡಿ.

ನಮಸ್ಕಾರ.